ಹಂದಿ ಜ್ವರದ ಲೆಕ್ಕಾಚಾರ: ತಪ್ಪು ಕಲ್ಪನೆ ಮತ್ತು ವಾಸ್ತವ

ಹೊಳಲ್ಕೆರೆ ಸೀಮೆಯಲ್ಲಿ ಹಂದಿ ಶೆಡ್ ಹಾಕಲು ಹೊರಟವರು ಮೊದಲು ವಿಚಾರಿಸುವುದು ಮರಿಯ ರೇಟು, ಮೇವಿನ ಖರ್ಚು, ಕೊಳ್ಳುವವರು ಯಾರು ಎಂಬುದನ್ನು. ರೋಗದ ಮಾತು ಬರುವುದು ಕೊನೆಗೆ. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ 2022ರ ಜುಲೈ ಹೊತ್ತಿಗೆ ಕೊಡಗಿನ ಮಗ್ಗುಲಿನ ವಯನಾಡಿಗೆ ಬಂತು. 2025ರ ಆಗಸ್ಟ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೂ ಕಾಣಿಸಿಕೊಂಡಿತು. ಇಂಥ ರೋಗ ಯಾವ ದಾರಿ ಹಿಡಿದು, ಎಷ್ಟು ಬೇಗ ಹಬ್ಬೀತು ಎಂದು ಲೆಕ್ಕ ಹಾಕುವ ವಿದ್ಯೆಗೆ ಗಣಿತ ಮಾದರಿ ಎನ್ನುತ್ತಾರೆ. ರೋಗದ ಬಗ್ಗೆ ಇರುವಷ್ಟೇ ತಪ್ಪು ತಿಳಿವಳಿಕೆ ಈ ಲೆಕ್ಕದ ಬಗ್ಗೆಯೂ ಇದೆ.

1. ತಪ್ಪು ಕಲ್ಪನೆ: ಹಂದಿ ಜ್ವರವೆಲ್ಲ ಒಂದೇ, ಮನುಷ್ಯರಿಗೂ ಅಂಟುತ್ತದೆ.

ವಾಸ್ತವ: 2009ರಲ್ಲಿ ಹಂದಿ ಜ್ವರ ಎಂಬ ಹೆಸರಿನಿಂದ ಊರೂರಲ್ಲಿ ಭಯ ಹುಟ್ಟಿಸಿದ್ದು ಎಚ್1ಎನ್1 ಎಂಬ ಫ್ಲೂ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡಿತು. ಹಂದಿಗಳನ್ನು ಸಾಲುಸಾಲಾಗಿ ಕೊಲ್ಲುವ ರೋಗಗಳೇ ಬೇರೆ: ಒಂದು ಮೊದಲಿನಿಂದ ಇರುವ ಕ್ಲಾಸಿಕಲ್ ಹಂದಿ ಜ್ವರ, ಇನ್ನೊಂದು ಆಫ್ರಿಕನ್ ಹಂದಿ ಜ್ವರ. ಇವೆರಡೂ ಮನುಷ್ಯರಿಗೆ ಬರುವುದಿಲ್ಲ. ನಮಗೆ ರೋಗ ಬಾರದೆಯೂ ನಮ್ಮ ಕೈ, ಬೂಟು, ಗಾಡಿಯ ಚಕ್ರದಲ್ಲಿ ವೈರಸ್ ಪ್ರಯಾಣ ಮಾಡುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

2. ತಪ್ಪು ಕಲ್ಪನೆ: ಗಣಿತ ಮಾದರಿ ಎಂದರೆ ಕಂಪ್ಯೂಟರ್ ಹೇಳುವ ಭವಿಷ್ಯ.

ವಾಸ್ತವ: ಅದು ಹೇಳುವುದು ‘ಹೀಗೆ ಮಾಡಿದರೆ ಹೀಗಾದೀತು’ ಎಂದಷ್ಟೆ. ಸೋಂಕು ತಗುಲಬಹುದಾದವು, ತಗುಲಿದವು, ಗುಣವಾದವು ಅಥವಾ ಸತ್ತವು ಎಂದು ಮೂರು ಗುಂಪು ಮಾಡಿ, ಒಂದು ಗುಂಪಿನಿಂದ ಇನ್ನೊಂದಕ್ಕೆ ದಿನಕ್ಕೆಷ್ಟು ಸರಿಯುತ್ತವೆ ಎಂದು ಲೆಕ್ಕ ಹಾಕುವುದೇ ಅದರ ಮೂಲ. ಈ ಲೆಕ್ಕವನ್ನು 1927ರಲ್ಲಿ ಮಂಡಿಸಿದ ಸಂಶೋಧಕರಾದ ಕೆರ್ಮ್ಯಾಕ್ ಮತ್ತು ಮೆಕ್‌ಕೆಂಡ್ರಿಕ್ ಅದನ್ನು ತಾಳೆ ನೋಡಿದ್ದು 1905-06ರ ಬೊಂಬಾಯಿ ಪ್ಲೇಗ್ ಸಾವಿನ ಅಂಕಿಗಳ ಜೊತೆಗೆ. ಮೆಕ್‌ಕೆಂಡ್ರಿಕ್ ಭಾರತದಲ್ಲೇ ವೈದ್ಯಕೀಯ ಸೇವೆಯಲ್ಲಿದ್ದವರು. ಇವತ್ತು ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಎಂಬ ಪಶುರೋಗ ಸಂಶೋಧನಾ ಸಂಸ್ಥೆ ಹಂದಿ ಜ್ವರವೂ ಸೇರಿ ಹಲವು ಪಶುರೋಗಗಳಿಗೆ ಎರಡು ತಿಂಗಳು ಮೊದಲೇ ಜಿಲ್ಲಾವಾರು ಮುನ್ಸೂಚನೆ ಕೊಡುತ್ತದೆ. ಹಾಗೆಂದು ಮಾದರಿ ಹೇಳಿದ್ದೆಲ್ಲ ವೇದವಾಕ್ಯವಲ್ಲ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಬಂದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಮಾದರಿಗಳನ್ನು ನಂಬಿ ನೆರೆಯ ಫಾರಂಗಳ ಆರೋಗ್ಯವಂತ ದನಕುರಿಗಳನ್ನೂ ಕೊಲ್ಲಬೇಕಿತ್ತೇ ಎಂಬ ಜಗಳ ವಿಜ್ಞಾನಿಗಳ ನಡುವೆ ಬಹುಕಾಲ ನಡೆಯಿತು.

3. ತಪ್ಪು ಕಲ್ಪನೆ: ರೋಗ ಗಾಳಿಯಲ್ಲಿ ಬರುತ್ತದೆ, ನಾವು ಏನು ಮಾಡಿದರೂ ಅಷ್ಟೇ.

ವಾಸ್ತವ: ಆಫ್ರಿಕನ್ ಹಂದಿ ಜ್ವರ ಊರಿಂದೂರಿಗೆ ಹೋಗುವುದು ಗಾಳಿಯಲ್ಲಿ ಅಲ್ಲ. ರೋಗದ ಹಂದಿ, ಅದರ ರಕ್ತ, ಸಗಣಿ, ಮಾಂಸ, ಅವು ಮೆತ್ತಿದ ಗಾಡಿ, ಬಟ್ಟೆ, ಹೋಟೆಲ್ ಮುಸುರೆ, ಇವೇ ಅದರ ವಾಹನ. ಒಂದೇ ದೊಡ್ಡಿಯೊಳಗೆ ಸೋಂಕಿನ ಒಂದು ಹಂದಿ ಸರಾಸರಿ 2.8 ಹಂದಿಗೆ ರೋಗ ದಾಟಿಸುತ್ತದೆ, ನಡುವೆ ತಡೆ ಇರುವ ಪಕ್ಕದ ದೊಡ್ಡಿಗಾದರೆ 1.4ಕ್ಕೆ ಎಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಒಂದು ತಡೆಯಿಂದಲೇ ಸಂಖ್ಯೆ ಅರ್ಧಕ್ಕೆ ಇಳಿಯಿತು. ಅದು 1ಕ್ಕಿಂತ ಕೆಳಗಿಳಿದರೆ ರೋಗ ತಾನಾಗಿ ನಂದುತ್ತದೆ. ಬಾಗಿಲಲ್ಲಿ ಸುಣ್ಣ ಅಥವಾ ಔಷಧಿ ನೀರಿನ ತೊಟ್ಟಿ, ಶೆಡ್ಡಿಗೆಂದೇ ಬೇರೆ ಚಪ್ಪಲಿ, ಹೊಸ ಮರಿಗಳನ್ನು ಕೆಲವು ವಾರ ಬೇರೆ ಕಟ್ಟುವುದು, ಇವೆಲ್ಲ ಮಾಡುವುದು ಈ ಸಂಖ್ಯೆಯನ್ನು ಇಳಿಸುವ ಕೆಲಸವನ್ನೇ. ಮುಸುರೆ ಹಾಕಲೇಬೇಕೆಂದರೆ 90 ಡಿಗ್ರಿಯಲ್ಲಿ ಒಂದು ಗಂಟೆ, ಕೈಯಾಡಿಸುತ್ತಾ ಕಾಯಿಸಬೇಕು. ಬರೀ ಬೆಚ್ಚಗೆ ಮಾಡಿ ಸುರಿದರೆ ಸಾಲದು.

4. ತಪ್ಪು ಕಲ್ಪನೆ: ನಮ್ಮದು ಊರಾಚೆಯ ಸಣ್ಣ ಶೆಡ್, ಅಲ್ಲಿಯವರೆಗೆ ಯಾವ ರೋಗ ಬರುತ್ತದೆ?

ವಾಸ್ತವ: ಮಾದರಿಯಲ್ಲಿ ಕಿಲೋಮೀಟರಿಗಿಂತ ಭಾರವಾದದ್ದು ಸಂಪರ್ಕ. ಒಬ್ಬನೇ ದಲ್ಲಾಳಿ ಒಂದೇ ಗೂಡ್ಸ್ ಗಾಡಿಯಲ್ಲಿ ಒಂದೇ ದಿನ ಹೊಸದುರ್ಗದ ಶೆಡ್, ಚಿಕ್ಕಜಾಜೂರಿನ ಶೆಡ್, ಚಿತ್ರದುರ್ಗದ ಕಟುಕರ ಅಂಗಡಿ ಸುತ್ತಿದರೆ, ಲೆಕ್ಕದ ಪ್ರಕಾರ ಆ ಮೂರೂ ಅಕ್ಕಪಕ್ಕದ ಮನೆಗಳೇ. ಕೇಂದ್ರ ಸರ್ಕಾರದ ಕ್ರಿಯಾ ಯೋಜನೆ ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರನ್ನು ಸೋಂಕಿತ ವಲಯ, 10 ಕಿಲೋಮೀಟರನ್ನು ನಿಗಾ ವಲಯ ಎಂದು ಗುರುತಿಸುತ್ತದೆ. ಈ ವೃತ್ತಗಳು ಬೇಕು. ಆದರೆ ವೃತ್ತ ಎಳೆಯುವ ಮೊದಲೇ ಗಾಡಿ ಹೆದ್ದಾರಿ ಹತ್ತಿದ್ದರೆ ಅದನ್ನು ಹಿಡಿಯಲಾಗದು. ಪೆಟ್ಟು ರೋಗ ಬಂದವರಿಗೆ ಮಾತ್ರ ಬೀಳುವುದೂ ಇಲ್ಲ. 2022ರಲ್ಲಿ ಕೇರಳ ಹೊರರಾಜ್ಯದ ಹಂದಿ ಮತ್ತು ಮಾಂಸಕ್ಕೆ ಬಾಗಿಲು ಹಾಕಿದಾಗ, ಅಲ್ಲಿಗೆ ಹಂದಿ ಕಳಿಸುತ್ತಿದ್ದವರಿಗೆ ಒಂದು ಮಾರುಕಟ್ಟೆಯೇ ತಪ್ಪಿತು.

5. ತಪ್ಪು ಕಲ್ಪನೆ: ಒಂದೆರಡು ಸತ್ತರೆ ಕಾದು ನೋಡೋಣ, ಉಳಿದವನ್ನು ಬೇಗ ಮಾರಿಬಿಡೋಣ.

ವಾಸ್ತವ: ಇಡೀ ಲೆಕ್ಕದಲ್ಲಿ ಅತಿ ದುಬಾರಿ ತಪ್ಪು ಇದೇ. ಸೋಂಕು ತಗುಲಿ ಲಕ್ಷಣ ಕಾಣಿಸಲು 4ರಿಂದ 19 ದಿನ ಹಿಡಿಯಬಹುದು. ಆಮೇಲೆ ಹಂದಿಗಳು ಮೇವು ಬಿಡುತ್ತವೆ, ಜ್ವರ ಏರುತ್ತದೆ, ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗಿ ನೀಲಿಗೆ ತಿರುಗುತ್ತದೆ. ಮೊದಲ ಸಾವು ಕಾಣುವ ಹೊತ್ತಿಗೆ, ಚೆನ್ನಾಗಿಯೇ ಕಾಣುವ ಇನ್ನೂ ಹಲವು ಹಂದಿಗಳಲ್ಲಿ ವೈರಸ್ ಇರಬಹುದು.

ಒಂದು ಉದಾಹರಣೆ ನೋಡಿ. ಹೊಸದಾಗಿ ರೋಗ ತಗುಲಿದ ಪ್ರತಿ ಶೆಡ್ ಹತ್ತು ದಿನದಲ್ಲಿ ಇನ್ನೆರಡಕ್ಕೆ ಅದನ್ನು ದಾಟಿಸುತ್ತದೆ ಎಂದುಕೊಳ್ಳೋಣ. ಹತ್ತನೇ ದಿನಕ್ಕೆ ಒಟ್ಟು 3 ಶೆಡ್, ಇಪ್ಪತ್ತಕ್ಕೆ 7, ಮೂವತ್ತಕ್ಕೆ 15, ನಲವತ್ತಕ್ಕೆ 31. ಎರಡರ ಬದಲು ಒಂದಕ್ಕೇ ದಾಟುವಂತೆ ಮಾಡಿದರೆ ನಲವತ್ತನೇ ದಿನಕ್ಕೆ 5 ಮಾತ್ರ. ಮೊದಲ ಶೆಡ್ಡಿನವರು ಆರಂಭದಲ್ಲೇ ಸುದ್ದಿ ಕೊಟ್ಟು ಗಾಡಿ ನಿಲ್ಲಿಸಿದರೆ ಲೆಕ್ಕ ಒಂದಕ್ಕೇ ಮುಗಿದೀತು. ರೋಗ ಹತೋಟಿಗೆ ಸರ್ಕಾರ ಕೊಲ್ಲಿಸುವ ಹಂದಿಗಳಿಗೆ ಪರಿಹಾರ ಕೊಡುವ ವ್ಯವಸ್ಥೆಯೂ ಇದೆ. ಸತ್ತ ಹಂದಿಯನ್ನು ಹಳ್ಳಕ್ಕೋ ಕೆರೆ ಅಂಗಳಕ್ಕೋ ಎಸೆಯದೆ, ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಬಯಲಲ್ಲಿ ಬಿದ್ದ ಹೆಣ ಬೀಡಾಡಿ ಹಂದಿಗಳಿಗೂ ಕಾಡುಹಂದಿಗಳಿಗೂ ರೋಗ ದಾಟಿಸುತ್ತದೆ.

6. ತಪ್ಪು ಕಲ್ಪನೆ: ಲಸಿಕೆ ಹಾಕಿಸಿದ್ದೇವೆ, ಇನ್ನು ಚಿಂತೆಯಿಲ್ಲ.

ವಾಸ್ತವ: ನಮ್ಮಲ್ಲಿ ಸಿಗುವ ಹಂದಿ ಜ್ವರದ ಲಸಿಕೆ ಕ್ಲಾಸಿಕಲ್ ಜ್ವರಕ್ಕೆ. ಅದನ್ನು ತಪ್ಪದೆ ಹಾಕಿಸಬೇಕು, ಆದರೆ ಆಫ್ರಿಕನ್ ಜ್ವರವನ್ನು ಅದು ತಡೆಯುವುದಿಲ್ಲ. ವಿಯೆಟ್ನಾಂ ಆ ಜ್ವರಕ್ಕೆ ಲಸಿಕೆ ಬಳಸಲು ಒಪ್ಪಿಗೆ ಕೊಟ್ಟಿದೆ, ನಮ್ಮ ರೈತರ ಕೈಗೆ ಅದು ಬಂದಿಲ್ಲ. ಎರಡೂ ಜ್ವರಗಳ ಲಕ್ಷಣ ಒಂದೇ ತರಹ ಇರುವುದರಿಂದ ಕಣ್ಣಂದಾಜು ನಡೆಯದು. ಹಂದಿಯ ಸ್ಯಾಂಪಲ್ ಸಂಗ್ರಹಿಸಿ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಆಫ್ರಿಕನ್ ಜ್ವರವೇ ಎಂದು ಖಚಿತಪಡಿಸುವ ರಾಷ್ಟ್ರೀಯ ಪ್ರಯೋಗಾಲಯ ಇರುವುದು ಭೋಪಾಲದಲ್ಲಿ.

7. ತಪ್ಪು ಕಲ್ಪನೆ: ಲೆಕ್ಕ ಹಾಕುವುದು ಬೆಂಗಳೂರಿನವರ ಕೆಲಸ, ನಮಗೇನು ಸಂಬಂಧ?

ವಾಸ್ತವ: ಆ ಲೆಕ್ಕಕ್ಕೆ ಅಂಕಿ ಹೋಗುವುದೇ ಹಳ್ಳಿಯ ಪಶು ಆಸ್ಪತ್ರೆಯಿಂದ. ಹತ್ತು ಶೆಡ್ಡಿನವರು ಸಾವು ಮುಚ್ಚಿಟ್ಟರೆ ಜಿಲ್ಲೆಯಲ್ಲಿ ರೋಗವೇ ಇಲ್ಲ ಎಂದು ಮಾದರಿ ಹೇಳುತ್ತದೆ, ಎಚ್ಚರಿಕೆಯೂ ಬರುವುದಿಲ್ಲ. ಶೆಡ್ಡಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ನೇತುಹಾಕಿ. ತಾರೀಕು, ಬಂದವರು ಯಾರು, ಗಾಡಿ ನಂಬರು, ಮರಿ ತಂದದ್ದೆಲ್ಲಿಂದ, ಸತ್ತದ್ದೆಷ್ಟು, ಇಷ್ಟು ಬರೆದರೆ ಸಾಕು. ರೋಗ ಬಿದ್ದ ದಿನ ದಾರಿ ಹುಡುಕುವವರಿಗೆ ಬೇಕಾಗುವುದು ಇದೇ ಪುಟಗಳು. ಎರಡನೇ ಹಂದಿ ಸಾಯುವವರೆಗೆ ಕಾಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಪಶುವೈದ್ಯರು ಬರುವವರೆಗೆ ಒಂದು ಹಂದಿಯೂ ಗೇಟು ದಾಟದಂತೆ ನೋಡಿಕೊಳ್ಳಿ.