ಲಿನಕ್ಸ್‌ನಲ್ಲಿ ಹಾಡೇಕೆ ಕೇಳುವುದಿಲ್ಲ?

ಡೊಳ್ಳಿನ ಹಾಡುಗಳ ಎಂಪಿ3 ಕಡತಗಳು ಮೊಬೈಲಿನಲ್ಲಿ ಚೆನ್ನಾಗಿ ಕೇಳುತ್ತವೆ, ಲಿನಕ್ಸ್‌ನ ಒಂದು ರೂಪವಾದ ಉಬುಂಟು ಹಾಕಿದ ಕಂಪ್ಯೂಟರಿನಲ್ಲಿ ಮಾತ್ರ ಕೇಳುವುದಿಲ್ಲ. ಲಿನಕ್ಸ್‌ಗೂ ಸಂಗೀತಕ್ಕೂ ಆಗಿಬರುವುದಿಲ್ಲವೇ? ಇದು ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯ ಓದುಗರೊಬ್ಬರ ಪ್ರಶ್ನೆ. ಲಿನಕ್ಸ್‌ಗೆ ಈ ಅಪವಾದ ಅಂಟಿ ಇಪ್ಪತ್ತು ವರ್ಷ ದಾಟಿತು. ಅದರ ಬೇರು ತಂತ್ರಜ್ಞಾನದಲ್ಲಿಲ್ಲ, ಪೇಟೆಂಟಿನಲ್ಲಿದೆ.

ಸಿ.ಡಿ.ಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿರುತ್ತಾರೆ. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂ.ಬಿ. ಬೇಕು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಎಂಪಿ3 ವಿಧಾನದಿಂದ ಈ ಗಾತ್ರವನ್ನು ಸುಮಾರು ಹತ್ತನೇ ಒಂದರಷ್ಟಕ್ಕೆ ಇಳಿಸಿದರು. ಅವರು ನೆಚ್ಚಿದ್ದು ನಮ್ಮ ಕಿವಿಯ ಒಂದು ಗುಣವನ್ನು. ಡೊಳ್ಳು ಬಡಿದ ಗಳಿಗೆಯಲ್ಲಿ ಅದರ ಆಸುಪಾಸಿನ ಕಂಪನಾಂಕದ ಸಣ್ಣ ಸದ್ದು ಇದ್ದರೂ ನಮಗೆ ಕೇಳಿಸದು. ಬಡಿತ ನಿಂತ ಮೇಲೂ ಕೆಲವು ಮಿಲಿಸೆಕೆಂಡು ಕಿವಿ ಚೇತರಿಸಿಕೊಂಡಿರುವುದಿಲ್ಲ. ಕೇಳಿಸದ್ದನ್ನು ಬರೆದಿಡುವುದೇಕೆ? ಎಂಪಿ3 ಅಂಥ ಸದ್ದನ್ನು ಒರಟಾಗಿ ಬರೆಯುತ್ತದೆ, ಇಲ್ಲವೇ ಕೈಬಿಡುತ್ತದೆ. ಬ್ರಾಂಡೆನ್‌ಬರ್ಗ್ ಈ ವಿಧಾನವನ್ನು ಒರೆಗೆ ಹಚ್ಚಿದ್ದು ಸುಜಾನ್ ವೇಗಾ ಹಾಡಿದ ‘ಟಾಮ್ಸ್ ಡೈನರ್’ ಮೇಲೆ. ವಾದ್ಯಗಳಿಲ್ಲದ ಒಂಟಿ ದನಿ ಅದು. ತಪ್ಪನ್ನು ಮುಚ್ಚಲು ಬೇರೆ ಸದ್ದೇ ಇಲ್ಲ. ಮೊದಮೊದಲು ಆ ದನಿ ಕೆಟ್ಟು ಕೇಳಿಸಿತು. ಅದನ್ನು ಸರಿಪಡಿಸುತ್ತಲೇ ಎಂಪಿ3 ಹದಕ್ಕೆ ಬಂತು. ಎಂಥ ಸೊಗಸಾದ ವಿಜ್ಞಾನ!

ಆದರೆ ಈ ಜಾಣ್ಮೆಗೆ ಪೇಟೆಂಟ್‌ಗಳಿದ್ದವು, ತಂತ್ರಾಂಶ ಹಂಚಲು ಪರವಾನಗಿ ಬೇಕಿತ್ತು. ಯಾರು ಬೇಕಾದರೂ ನಕಲು ಮಾಡಿ ಹಂಚಬಹುದಾದ ಲಿನಕ್ಸ್‌ನಲ್ಲಿ ಪ್ರತಿ ನಕಲಿನ ಲೆಕ್ಕ ಇಡುವವರಾರು? 2002ರಲ್ಲಿ ಲಿನಕ್ಸ್ ಹಂಚುವ ರೆಡ್ ಹ್ಯಾಟ್ ಕಂಪನಿ ತನ್ನ 8.0 ಆವೃತ್ತಿಯಿಂದ ಎಂಪಿ3 ಸೌಲಭ್ಯವನ್ನೇ ತೆಗೆಯಿತು. ಉಬುಂಟು ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕಾದ ‘ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಕಂತೆಗೆ ಸೇರಿಸಿತು. 2017ರ ಏಪ್ರಿಲ್‌ನಲ್ಲಿ ಪರವಾನಗಿ ಯೋಜನೆ ಕೊನೆಗೊಂಡಿತು. ಈಗ ಎಂಪಿ3 ಎಲ್ಲರ ಸ್ವತ್ತು.

ಇಂದೂ ಹಾಡು ಕೇಳದಿದ್ದರೆ ಮೊದಲು ಪ್ಲೇಯರಿನಲ್ಲಿ ಸಮಯ ಓಡುತ್ತಿದೆಯೇ ನೋಡಿ. ಓಡುತ್ತಿದ್ದರೆ ಕಡತ ಬಹುಮಟ್ಟಿಗೆ ಸರಿಯಿದೆ, ದನಿ ಬೇರೆಲ್ಲೋ ಹೋಗುತ್ತಿದೆ. ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗ ತೆರೆಯಿರಿ. ಸ್ಪೀಕರ್ ಇಲ್ಲದ ಎಚ್‌ಡಿಎಂಐ ಮಾನಿಟರ್ ಆಯ್ಕೆಯಾಗಿರುವುದು ಉಂಟು. ಸಮಯ ಓಡದಿದ್ದರೆ ಅದೇ ಕಡತವನ್ನು ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರಿನಲ್ಲಿ ತೆರೆಯಿರಿ. ವಿಎಲ್‌ಸಿ ತನಗೆ ಬೇಕಾದ ಕೊಡೆಕ್‌ಗಳನ್ನು, ಅಂದರೆ ಕುಗ್ಗಿಸಿದ ದನಿಯನ್ನು ಬಿಡಿಸುವ ತಂತ್ರಾಂಶಗಳನ್ನು, ತಾನೇ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಕೇಳಿ ರಿದಂಬಾಕ್ಸ್‌ನಂಥ ಬೇರೆ ಪ್ಲೇಯರಿನಲ್ಲಿ ಕೇಳದಿದ್ದರೆ ಕೊರತೆ ಕೊಡೆಕ್‌ನದು. ಮೇಲೆ ಹೇಳಿದ ‘ರಿಸ್ಟ್ರಿಕ್ಟೆಡ್ ಎಕ್ಸ್‌ಟ್ರಾಸ್’ ಕಂತೆ ಹಾಕಿದರೆ ಸಾಕು. ಎರಡರಲ್ಲೂ ತೆರೆಯದಿದ್ದರೆ ಕಡತದ ಮೇಲೆಯೇ ಸಂಶಯಪಡಿ. ಹೆಸರಿನ ಕೊನೆಗೆ ಎಂಪಿ3 ಎಂದಿದ್ದ ಮಾತ್ರಕ್ಕೆ ಒಳಗಿರುವುದು ಎಂಪಿ3 ಆಗಲೇಬೇಕಿಲ್ಲ. ಟರ್ಮಿನಲ್‌ನಲ್ಲಿ ‘ಫೈಲ್’ ಆದೇಶ ಕೊಟ್ಟರೆ ಅದು ಹೆಸರನ್ನು ನಂಬದೆ ಒಳಗಿನ ಬೈಟ್‌ಗಳನ್ನೇ ಓದಿ ನಿಜ ಹೇಳುತ್ತದೆ.

ಊರಿನ ಹಿರಿಯ ಹಾಡುಗಾರರ ದನಿಯನ್ನು ಹೊಸದಾಗಿ ಮುದ್ರಿಸುವವರಿಗೆ ಒಂದು ಮಾತು: ಜೋಶ್ ಕೋಲ್ಸನ್ 2001ರಲ್ಲಿ ಕೊಟ್ಟ ಫ್ಲ್ಯಾಕ್ ರೂಪ ಬಳಸಿ. ಅದು ದನಿಯ ಯಾವ ಅಂಶವನ್ನೂ ಬಿಸಾಡದೆ ಕಡತವನ್ನು ಕುಗ್ಗಿಸುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಫ್ಲ್ಯಾಕ್‌ನಿಂದ ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು. ಎಂಪಿ3 ಒಮ್ಮೆ ಕೈಬಿಟ್ಟ ಸದ್ದನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ತರಲಾರದು.