ದಂಗೆಯ ಮರುದಿನ ಕಚೇರಿ ಯಾರದು?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆ 1933ರಲ್ಲಿ ಬಾಗಿಲು ತೆರೆದಾಗ ದಂಡು ಪ್ರದೇಶ ಮೈಸೂರಿನ ಆಡಳಿತದಲ್ಲಿರಲಿಲ್ಲ, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಮಾರುಕಟ್ಟೆಗೆ ಹೆಸರಾದ ರಸೆಲ್ ಅಲ್ಲಿನ ಮುನಿಸಿಪಲ್ ಕಮಿಷನರ್. 1947ರಲ್ಲಿ ದಂಡು ಮೈಸೂರಿಗೆ ಮರಳಿತು, ಅದೇ ವರ್ಷ ಜವಾಬ್ದಾರಿ ಸರ್ಕಾರವೂ ಬಂತು. ಆದರೂ ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾಗಲು 1949ರವರೆಗೆ ಕಾಯಬೇಕಾಯಿತು. ಆಳುವವರು ಬದಲಾದಷ್ಟು ಬೇಗ ಕಚೇರಿ ಬದಲಾಗುವುದಿಲ್ಲ. ಫ್ರಾನ್ಸಿನಲ್ಲಿ ದೊರೆಯ ತಲೆ ಹೋದರೂ ದೊರೆಗಳ ಕಾಲದ ಕೇಂದ್ರೀಕೃತ ಆಡಳಿತ ಉಳಿಯಿತೆಂದು ಇತಿಹಾಸಕಾರ ತೋಕ್ವಿಲ್ 1856ರಲ್ಲೇ ತೋರಿಸಿದ್ದ. ಆದ್ದರಿಂದ ದಂಗೆಯೆದ್ದವರ ಕೆಚ್ಚಿಗಿಂತ, ಹಳೆಯ ಆಳ್ವಿಕೆ ಕುಸಿದಾಗ ಆ ಕಚೇರಿ ನಡೆಸಲು ಸಿದ್ಧರಾಗಿದ್ದವರು ಯಾರೆಂಬುದೇ ಮುಂದಿನ ಸರ್ಕಾರವನ್ನು ತೀರ್ಮಾನಿಸುತ್ತದೆ.

ಮೈಸೂರಿನ ಎರಡು ಚಳವಳಿಗಳನ್ನೇ ನೋಡಿ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಕಿರುಕುಳ ತಾಳದೆ ಕೂಟ ಸೇರಿದರು. ಬೂದಿ ಬಸವಪ್ಪ ತಾನೇ ಕೆಳದಿಯ ವಾರಸುದಾರನೆಂದ. ಅರಸರ ಆಡಳಿತ ಅಲುಗಾಡಿತು, ನಿಜ. ಅದನ್ನು ಎತ್ತಿಕೊಳ್ಳುವ ಸಂಸ್ಥೆ ಮಾತ್ರ ರೈತರ ಬಳಿ ಇರಲಿಲ್ಲ, ಈಸ್ಟ್ ಇಂಡಿಯಾ ಕಂಪನಿಯ ಬಳಿ ಇತ್ತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅಧಿಕಾರ ಕಿತ್ತುಕೊಂಡ. ಕಮಿಷನರುಗಳ ಆಳ್ವಿಕೆ 50 ವರ್ಷ ನಡೆಯಿತು. ಕಮಿಷನರ್ ಕಬ್ಬನ್ ಹಲವು ಚಿಲ್ಲರೆ ತೆರಿಗೆಗಳನ್ನು ತೆಗೆದದ್ದು ರೈತನಿಗೆ ಸಿಕ್ಕ ನಿಜವಾದ ಲಾಭ; ಆಡಳಿತದಲ್ಲಿ ಮಾತ್ರ ಅವನಿಗೆ ದನಿ ಸಿಗಲಿಲ್ಲ. 1947ರ ಹೊತ್ತಿಗೆ ಸ್ಥಿತಿ ಬೇರೆ. 1881ರಿಂದ ಪ್ರಜಾಪ್ರತಿನಿಧಿ ಸಭೆಯಿತ್ತು, ಶಿವಪುರ ಮತ್ತು ವಿದುರಾಶ್ವತ್ಥದ ಹೋರಾಟಗಳಲ್ಲಿ ಪಳಗಿದ ಕಾಂಗ್ರೆಸ್ ಇತ್ತು. ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು, ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ದಿವಾನ್ ರಾಮಸ್ವಾಮಿ ಮೊದಲಿಯಾರ್ 1949ರವರೆಗೂ ಹುದ್ದೆಯಲ್ಲಿದ್ದರು. ಸೋತ ಪಕ್ಷದ ದಿವಾನರನ್ನು ಪಕ್ಕದಲ್ಲೇ ಕೂರಿಸಿಕೊಂಡ ಕ್ರಾಂತಿ ಇದು.

ಬ್ರಿಟಿಷರು ಹೊರಟಿದ್ದರು, ದೆಹಲಿಯ ಬೆಂಬಲವಿತ್ತು, ಇದರಲ್ಲಿ ಚಳವಳಿಯ ಸಾಧನೆ ಏನು ಎಂದು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ಬ್ರಿಟಿಷರು ಹೈದರಾಬಾದಿನಿಂದಲೂ ಹೊರಟಿದ್ದರು, ದೆಹಲಿ ಅಲ್ಲಿಯೂ ನಿಜಾಮರ ವಿರುದ್ಧವೇ ಇತ್ತು. ಅಲ್ಲಿ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವಾಗಲೇ ನಿಷೇಧಿಸಲಾಗಿತ್ತು. ನಿಜಾಮರ ಪರ ನಿಂತ ರಜಾಕಾರರ ಹಿಂಸೆ, ನಿಜಾಮರ ಹಟ ಪರಿಸ್ಥಿತಿಯನ್ನು ಬಿಗಡಾಯಿಸಿದವು, ಒಪ್ಪೋಣ. ಆದರೂ 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸರ್ಕಾರ ಬಿದ್ದಾಗ ಅಧಿಕಾರಕ್ಕೆ ಬಂದದ್ದು ಸೇನಾಧಿಕಾರಿ ಜೆ.ಎನ್. ಚೌಧುರಿ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿನ ಜನ ತಮ್ಮ ಮತದಿಂದ ಬಂದ ಸರ್ಕಾರವನ್ನು ಕಂಡದ್ದು 1952ರಲ್ಲಿ.