ಹಣ್ಣಿನ ಗಾಯಕ್ಕೆ ಯೀಸ್ಟ್ ಕಾವಲು

ಕಿತ್ತಳೆಗೆ ಬೂಷ್ಟು ಹಿಡಿಯುವ ಬಗೆಯನ್ನು ಹತ್ತಿರದಿಂದ ನೋಡಿ. ಮೊದಲು ಸಿಪ್ಪೆಯ ಒಂದು ಕಡೆ ನೀರುನೀರಾಗಿ ಮೆತ್ತಗಾಗುತ್ತದೆ, ಬೆರಳಿಟ್ಟರೆ ಕುಸಿಯುತ್ತದೆ. ಆಮೇಲೆ ಅಲ್ಲಿ ಬಿಳಿ ಎಳೆಗಳು ಹರಡುತ್ತವೆ, ನಡುವೆ ಹಸಿರು ಪುಡಿ ಕೂರುತ್ತದೆ. ಆ ಪುಡಿಯೆಲ್ಲ ಪೆನಿಸಿಲಿಯಮ್ ಡಿಜಿಟೇಟಮ್ ಎಂಬ ಶಿಲೀಂಧ್ರದ ಬೀಜಕಣಗಳು.

ಗಾಯವಿಲ್ಲದ ಸಿಪ್ಪೆಯನ್ನು ಕೊರೆದು ಒಳನುಗ್ಗುವುದು ಈ ಶಿಲೀಂಧ್ರದಿಂದ ಆಗದು. ಕೊಯ್ಯುವವರ ಉಗುರು ತಾಗಿರಬೇಕು, ಪಕ್ಕದ ಹಣ್ಣಿನ ತೊಟ್ಟು ಚುಚ್ಚಿರಬೇಕು, ಇಲ್ಲವೇ ಕ್ರೇಟಿನ ಅಂಚು ತರಚಿರಬೇಕು. ಗಾಯದಲ್ಲಿ ಒಸರುವ ರಸ ಸಿಕ್ಕರೆ ಬೀಜಕಣ ಮೊಳೆಯುತ್ತದೆ. ಇದನ್ನು ತಡೆಯಲು ಪ್ಯಾಕಿಂಗ್ ಕೇಂದ್ರಗಳು ಇಮಜಾಲಿಲ್, ಥಯಾಬೆಂಡಜೋಲ್‌ನಂಥ ಶಿಲೀಂಧ್ರನಾಶಕಗಳನ್ನು ಬಳಸುತ್ತವೆ. ಆದರೆ ಒಂದೇ ಔಷಧಿಯನ್ನು ಮತ್ತೆ ಮತ್ತೆ ಬಳಸಿದ ಕಡೆ ಅದಕ್ಕೆ ಜಗ್ಗದ ಶಿಲೀಂಧ್ರಗಳು ತಲೆಯೆತ್ತಿವೆ.

ಇನ್ನೊಂದು ದಾರಿ ಹಣ್ಣಿನ ಮೈಮೇಲೆಯೇ ಇತ್ತು. ಇಸ್ರೇಲಿನ ಎಡೋ ಚಾಲುಟ್ಜ್ ಮತ್ತು ಅಮೆರಿಕದ ಚಾರ್ಲ್ಸ್ ವಿಲ್ಸನ್ ಕಿತ್ತಳೆ ಜಾತಿಯ ಹಣ್ಣುಗಳನ್ನು ತೊಳೆದ ನೀರನ್ನು ಪ್ರಯೋಗಾಲಯದ ತಟ್ಟೆಗಳಲ್ಲಿ ಹಾಕಿ, ಏನು ಬೆಳೆಯುತ್ತದೆಂದು ನೋಡಿದರು. ನೀರು ದಟ್ಟವಾಗಿದ್ದಾಗ ಯೀಸ್ಟ್ ಮತ್ತು ಬ್ಯಾಕ್ಟೀರಿಯಾ ಮಾತ್ರ ಬೆಳೆದವು. ಅದೇ ನೀರನ್ನು ತೆಳುಮಾಡಿದಾಗ ಕೊಳೆ ತರುವ ಶಿಲೀಂಧ್ರಗಳು ಕಾಣಿಸಿಕೊಂಡವು. ತೊಳೆದ ಹಣ್ಣುಗಳು ತೊಳೆಯದವುಗಳಿಗಿಂತ ಬೇಗ ಕೊಳೆತವು. ಸಿಪ್ಪೆಯ ಮೇಲಿನ ಸಹಜ ಜೀವಿಗಳೇ ಬೂಷ್ಟನ್ನು ಹತ್ತಿಕ್ಕಿದ್ದವು ಎಂಬುದಕ್ಕೆ ಇದು ಬಲವಾದ ಸುಳಿವು. 1990ರಲ್ಲಿ ಅವರು ಈ ಕೆಲಸವನ್ನು ಪ್ರಕಟಿಸಿದರು.

ಯೀಸ್ಟ್ ಗೆಲ್ಲುವುದು ಮುಖ್ಯವಾಗಿ ವೇಗದಿಂದ. ಹಸಿ ಗಾಯದಲ್ಲಿ ಅದು ಬೇಗ ಬೇಗ ಇಮ್ಮಡಿಸಿ, ರಸದ ಸಕ್ಕರೆಯನ್ನು ಬಳಸಿಕೊಂಡು, ಜಾಗವನ್ನೂ ತುಂಬಿಬಿಡುತ್ತದೆ. ತಡವಾಗಿ ಬಂದ ಬೀಜಕಣಕ್ಕೆ ಮೊಳೆಯಲು ಆಹಾರವೇ ಉಳಿದಿರುವುದಿಲ್ಲ. ಮೆಟ್ಷ್ನಿಕೋವಿಯಾ ಎಂಬ ಯೀಸ್ಟ್ ಜಾತಿಯ ಕೆಲವು ಬಗೆಗಳು ಸುತ್ತಲಿನ ಕಬ್ಬಿಣದ ಅಂಶವನ್ನು ಕೆಂಪು ವರ್ಣದ್ರವ್ಯವೊಂದರಲ್ಲಿ ಕಟ್ಟಿಹಾಕುತ್ತವೆ. ಕಬ್ಬಿಣ ಸಿಗದೆ ಬೂಷ್ಟು ಸೊರಗುತ್ತದೆ. ಇನ್ನು ಕೆಲವು ಯೀಸ್ಟ್‌ಗಳು ಶಿಲೀಂಧ್ರದ ಎಳೆಗೆ ಅಂಟಿಕೊಂಡು, ಅದರ ಕೋಶಭಿತ್ತಿಯನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತವೆ. ಹಣ್ಣಿನ ಸ್ವಂತ ರಕ್ಷಣಾ ಶಕ್ತಿಯನ್ನು ಎಚ್ಚರಿಸುವ ಯೀಸ್ಟ್‌ಗಳೂ ಇವೆ.

1995ರಲ್ಲಿ ಅಮೆರಿಕ ಇಂಥ ಎರಡು ಉತ್ಪನ್ನಗಳಿಗೆ ಅನುಮತಿ ಕೊಟ್ಟಿತು: ಕ್ಯಾಂಡಿಡಾ ಓಲಿಯೋಫಿಲಾ ಯೀಸ್ಟಿನ ಆಸ್ಪೈರ್ ಮತ್ತು ಸ್ಯೂಡೋಮೋನಾಸ್ ಸಿರಿಂಜೆ ಬ್ಯಾಕ್ಟೀರಿಯಾದ ಬಯೋಸೇವ್. ಆಸ್ಪೈರ್ ಬಹುಕಾಲ ಉಳಿಯಲಿಲ್ಲ. ಇಂಥ ಉತ್ಪನ್ನಗಳಿಗಿರುವ ತೊಡಕು ಇದು: ಪ್ರಯೋಗಾಲಯದಲ್ಲಿ ಹಣ್ಣಿಗೆ ಹೊಸದಾಗಿ ಗಾಯಮಾಡಿ ತಕ್ಷಣ ಯೀಸ್ಟ್ ಹಚ್ಚಬಹುದು. ಆದರೆ ಪ್ಯಾಕಿಂಗ್ ಕೇಂದ್ರಕ್ಕೆ ಬರುವ ಹಣ್ಣಿನಲ್ಲಿ ಶಿಲೀಂಧ್ರ ಆಗಲೇ ಬೇರೂರಿರಬಹುದು, ಮತ್ತು ಬೇರೂರಿದ ಬೂಷ್ಟನ್ನು ಕೀಳುವುದು ಯೀಸ್ಟಿಗೆ ಕಷ್ಟ. ನಮ್ಮ ಮಾವಿನ ಚಿಬ್ಬು ರೋಗದಲ್ಲಿ ಈ ತೊಡಕು ಇನ್ನೂ ದೊಡ್ಡದು. ಅದರ ಶಿಲೀಂಧ್ರ ಕಾಯಿ ಎಳೆಯದಾಗಿರುವಾಗಲೇ ಸಿಪ್ಪೆಯಲ್ಲಿ ಸೇರಿ ಸುಮ್ಮನಿರುತ್ತದೆ, ಹಣ್ಣಾದಾಗ ಕಪ್ಪು ಚುಕ್ಕೆಯಾಗಿ ಹೊರಬೀಳುತ್ತದೆ. ಹೀಗಾಗಿ ಯೀಸ್ಟಿನ ಜೊತೆಗೆ ಬಿಸಿನೀರಿನ ಉಪಚಾರ, ಅಡುಗೆ ಸೋಡಾ ದ್ರಾವಣಗಳನ್ನೂ ಸಂಶೋಧಕರು ಸೇರಿಸಿ ನೋಡಿದ್ದಾರೆ. ಯೀಸ್ಟಿನ ಜೊತೆ ಇವು ಕೂಡಿದಾಗ ಫಲ ಹೆಚ್ಚು.

ಇದು ನಮ್ಮಲ್ಲೂ ಬೆಳೆಯಬೇಕಾದ ವಿದ್ಯೆ. ಕೊಡಗಿನ ಕಿತ್ತಳೆಯ ಸಿಪ್ಪೆಯ ಮೇಲೂ ಯೀಸ್ಟ್‌ಗಳು ಬದುಕುತ್ತವೆ; ಇಲ್ಲಿನ ಸೆಕೆಗೆ, ತೇವಕ್ಕೆ ಒಗ್ಗಿದ ತಳಿಗಳನ್ನು ಅಲ್ಲಿಯೇ ಹುಡುಕಬೇಕು. ತೊಟ್ಟನ್ನು ಎಳೆಯದೆ ಕತ್ತರಿಯಿಂದ ಕತ್ತರಿಸಿ, ಹಣ್ಣನ್ನು ಎಸೆಯದೆ ಇಟ್ಟು, ಕೊಯ್ದ ದಿನವೇ ಯೀಸ್ಟ್ ಸಿಂಪಡಿಸಿದರೆ ಅದಕ್ಕೆ ಕಾಯಬೇಕಾದ ಗಾಯಗಳು ಕಡಿಮೆ, ಸಿಗುವ ಸಮಯ ಹೆಚ್ಚು.